ನಿಧಿ ಇಲ್ಲದ ಪತ್ತೇದಾರಿ ಕಾದಂಬರಿ ಬೇಕು

ಮೊದಲು ಒಂದು ತಪ್ಪೊಪ್ಪಿಗೆ.

ಫಸ್ಟ್ ಇಯರ್ ಮುಗಿಸಿ ರಜೆಗೆ ಊರಿಗೆ, ಅಂದರೆ ಹಿಪ್ಪರಗಿಗೆ ಹೋದಾಗ ನನ್ನ ಬ್ಯಾಗಿನಲ್ಲಿ ಡಾ. ಕೆ.ಎನ್. ಗಣೇಶಯ್ಯನವರ ‘ಕರಿಸಿರಿಯಾನ’ ಇತ್ತು. ಹಾಸ್ಟೆಲ್‌ನಲ್ಲಿ ಒಂದೇ ರಾತ್ರಿ ಕೂತು ಓದಿದ್ದೆ. ಮರುದಿನ ಮ್ಯಾಥ್ಸ್ ಇಂಟರ್ನಲ್ ಇತ್ತು, ಅದರ ಕಥೆ ಇಲ್ಲಿ ಬೇಡ. 1565ರ ಯುದ್ಧದಲ್ಲಿ ಸೋತ ಮೇಲೆ ವಿಜಯನಗರದಿಂದ ಆನೆಗಳ ಮೇಲೆ ಹೇರಿಕೊಂಡು ಹೊರಟ ಸಂಪತ್ತು ಎಲ್ಲಿ ಹೋಯಿತು ಅನ್ನೋದು ಆ ಕಾದಂಬರಿಯ ಪ್ರಶ್ನೆ. ಊರಲ್ಲಿ ಕಟ್ಟೆ ಮೇಲೆ ಕೂತು ನಾಲ್ಕು ಜನರಿಗೆ ಆ ಕಥೆ ಹೇಳಿದೆ. ಶುರುವಿನಲ್ಲಿ ‘ಇದು ಕಾದಂಬರಿ’ ಅಂತ ಒಂದು ಸಲ ಹೇಳಿದ್ದೆ ಅನ್ನಿಸುತ್ತೆ, ಆಮೇಲೆ ಆ ಮಾತು ಬಿಟ್ಟೇ ಹೋಯ್ತು. ಯುದ್ಧ ನಡೆದ ರಕ್ಕಸಗಿ-ತಂಗಡಗಿ ನಮ್ಮ ಕೃಷ್ಣಾ ನದಿಯ ದಂಡೆಗೇ ಇದೆ, ಇದೇ ಹೊಳೆ ಹಿಡಿದು ಕೆಳಗ ಹೋದರ ಸಿಗತೈತಿ, ಅಂತ ನನ್ನದೂ ಒಂದಿಷ್ಟು ಮಸಾಲೆ ಹಾಕಿದೆ.

“ಹಂಗಾರ ನಮ್ಮ ಕಡೀಗೂ ಏನರ ಹುಗದಿಟ್ಟಿರಬೇಕಲ್ಲ?” ಅಂತ ಒಬ್ಬ ಕೇಳಿದ.

“ಇರಬಹುದು” ಅಂದೆ. ಸುಮ್ಮನೆ ಅಂದೆ.

ದೀಪಾವಳಿಗೆ ಮತ್ತೆ ಊರಿಗೆ ಹೋದಾಗ, ನಮ್ಮ ಹೊಲಕ್ಕೆ ಹೋಗೋ ದಾರಿಯ ಬದುವಿನಲ್ಲಿದ್ದ ವೀರಗಲ್ಲು ಎರಡು ತುಂಡಾಗಿ ಬಿದ್ದಿತ್ತು. ಅದರ ಬುಡದಲ್ಲಿ ಸೊಂಟದಾಳ ಗುಂಡಿ. ಗುಂಡಿಯ ಪಕ್ಕ ಕೊಯ್ದ ನಿಂಬೆಹಣ್ಣು, ಕುಂಕುಮ, ಅರ್ಧ ಸುಟ್ಟ ಊದಿನಕಡ್ಡಿ. ನಿಧಿ ಸಿಕ್ಕಿಲ್ಲ ಅನ್ನೋದು ಗುಂಡಿ ನೋಡಿದರೇ ಗೊತ್ತಾಗುತ್ತಿತ್ತು. ನಾಲ್ಕೂ ದಿಕ್ಕಿಗೆ ಅಗೆದು, ಸಾಕಾಗಿ ಬಿಟ್ಟು ಹೋಗಿದ್ದರು.

ನನ್ನ ಮಾತಿಗೂ ಆ ಗುಂಡಿಗೂ ಸಂಬಂಧ ಇಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ನಿಧಿಗಾಗಿ ಗುಡಿ ಅಗೆಯೋದು, ಲಿಂಗ ಕೀಳೋದು ನಮ್ಮ ಭಾಗದಲ್ಲಿ ನಾನು ಹುಟ್ಟೋಕೆ ಮುಂಚಿನಿಂದ ಇದೆ. ಆದರೆ ಮುತ್ಯಾ ಅಂದ ಮಾತು ಬೇರೆ ಇತ್ತು: “ಒಡದವರು ಯಾರಂತ ನನಗೇನ ಗೊತ್ತು ತಮ್ಮಾ. ಆದ್ರ ಇಲ್ಲೆ ಬಂಗಾರ ಐತಿ ಅಂತ ಯಾವನೋ ಹೇಳಿರಬೇಕಲ್ಲ?”

ಈ ಲೇಖನ ಆ ‘ಯಾವನೋ’ ಬರೆದದ್ದು ಅಂತಲೇ ತಿಳಿದುಕೊಂಡು ಓದಿ.

ವೀರಗಲ್ಲು ನೀವು ನೋಡಿರುತ್ತೀರಿ. ನಮ್ಮದರಲ್ಲೂ ಮೂರು ಅಂತಸ್ತು ಇತ್ತು. ಕೆಳಗೆ ಕಾದಾಟ, ನಡುವೆ ಸತ್ತ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಲಿಂಗದ ಮುಂದೆ ಆತ ಕೂತಿರುವುದು. ಅಂತಸ್ತುಗಳ ನಡುವಿನ ಪಟ್ಟಿಯಲ್ಲಿ ಸವೆದ ಎರಡು ಸಾಲು ಅಕ್ಷರ. ಮನೆಯವರು ಅಮಾವಾಸ್ಯೆಗೆ ಎಣ್ಣೆ ಹಚ್ಚುತ್ತಿದ್ದರು, ಅದಕ್ಕೇ ಅಕ್ಷರ ಕಪ್ಪಾಗಿ ಮುಚ್ಚಿಹೋಗಿತ್ತು. ಯೋಚಿಸಿದರೆ ವೀರಗಲ್ಲು ಅಂದರೆ ಒಂದು ಎಫ್‌ಐಆರ್. ಯಾರು ಸತ್ತ, ಯಾತಕ್ಕೆ ಸತ್ತ, ದನ ಹೊಡಕೊಂಡು ಹೋಗೋರನ್ನ ತಡೆಯೋಕೆ ಹೋಗಿಯೋ, ಊರಿನ ಗಡಿಗಾಗಿಯೋ. ಜೊತೆಗೆ ಆ ಕಲ್ಲು ನಿಂತ ಜಾಗವೂ ಸಾಕ್ಷಿ. ಸರ್ವೆ ಲ್ಯಾಬಿನಲ್ಲಿ ಬೆಂಚ್ ಮಾರ್ಕ್ ಕಿತ್ತು ಬೇರೆ ಕಡೆ ನೆಟ್ಟರೆ ಏನಾಗುತ್ತೆ ಅಂತ ಸಿವಿಲ್‌ನವರಿಗೆ ಹೇಳಬೇಕಾಗಿಲ್ಲ. ನಮ್ಮ ಕಲ್ಲು ಒಡೆದದ್ದು ಸರಿಯಾಗಿ ಅಕ್ಷರದ ಪಟ್ಟಿಯ ಮೇಲೆಯೇ.

ಹಾಗಾದ್ರೆ ಐತಿಹಾಸಿಕ ಪತ್ತೇದಾರಿ ಕಾದಂಬರಿ ಓದಬಾರದಾ? ಖಂಡಿತ ಓದಬೇಕು. ಇನ್ನೂ ಜಾಸ್ತಿ ಬೇಕು ಅನ್ನೋದೇ ನನ್ನ ವಾದ. ಆದರೆ ಕಥೆಯ ಕೊನೆಗೆ ನಿಧಿ ಇಲ್ಲದವು ಬೇಕು.

ಕನ್ನಡಕ್ಕೆ ಪತ್ತೇದಾರಿ ಹೊಸದೇನಲ್ಲ. ರಬಕವಿಯಲ್ಲಿ ನನ್ನ ಸೋದರಮಾವನಿಗೆ ಪವರ್‌ಲೂಮ್ ಇದೆ. ಅವರ ಮಗ್ಗದ ಕೋಣೆಯ ಗೂಡಿನಲ್ಲಿ ಎನ್. ನರಸಿಂಹಯ್ಯನವರ ಹರಿದ ಪುಸ್ತಕಗಳು ಇವತ್ತಿಗೂ ಇವೆ. ನಾಲ್ಕನೇ ತರಗತಿವರೆಗೆ ಮಾತ್ರ ಓದಿ 500ಕ್ಕೂ ಹೆಚ್ಚು ಕಾದಂಬರಿ ಬರೆದ ಮನುಷ್ಯ ಅವರು. ಪತ್ತೇದಾರ ಪುರುಷೋತ್ತಮ, ಮಧುಸೂದನ, ಅರಿಂಜಯ ಅಂದರೆ ಮಾವನ ಕಣ್ಣು ಈಗಲೂ ಅರಳುತ್ತೆ. ಕನ್ನಡ ಬಾವುಟ ಕೊಟ್ಟ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ. ರಾಜ್ಯೋತ್ಸವಕ್ಕೆ ಬಾವುಟ ಕಟ್ಟುವ ನಮ್ಮ ಕ್ಲಬ್‌ನಲ್ಲಿ ಎಷ್ಟು ಜನರಿಗೆ ಇದು ಗೊತ್ತಿತ್ತು, ಕೈ ಎತ್ತಿ.

ಪುರುಷೋತ್ತಮನಂಥ ಪತ್ತೇದಾರನಿಗೆ ಅದೇ ಕೆಲಸ. ಕೊಲೆ ಆದರೆ ಅವನನ್ನ ಕರೀತಾರೆ, ಇನ್‌ಸ್ಪೆಕ್ಟರು ಕುರ್ಚಿ ಕೊಡ್ತಾರೆ. ಕಥೆಯನ್ನ ಇನ್ನೂರು, ಒಂಬೈನೂರು ವರ್ಷ ಹಿಂದಕ್ಕೆ ತಳ್ಳಿದರೆ ಆ ಕುರ್ಚಿಯೇ ಇರೋದಿಲ್ಲ. ಆಗ ಯಾರು ತನಿಖೆ ಮಾಡೋರು? ಪಾಶ್ಚಾತ್ಯರು ಇದಕ್ಕೆ ಚಂದದ ಉಪಾಯ ಹುಡುಕಿಕೊಂಡರು. ಎಲಿಸ್ ಪೀಟರ್ಸ್ ಬರೆದ ಕಾಡ್‌ಫೇಲ್ 12ನೇ ಶತಮಾನದ ಮಠದಲ್ಲಿ ಗಿಡಮೂಲಿಕೆ ಬೆಳೆಯೋ ಸನ್ಯಾಸಿ, ವಿಷ ಯಾವುದು ಔಷಧ ಯಾವುದು ಅವನಿಗೆ ಗೊತ್ತು. ಉಂಬರ್ಟೊ ಎಕೊನ ‘ದಿ ನೇಮ್ ಆಫ್ ದಿ ರೋಸ್’ನಲ್ಲಿ 1327ರ ಒಂದು ಮಠ, ಅಲ್ಲಿಯೂ ಸನ್ಯಾಸಿಯೇ ಪತ್ತೇದಾರ. ಸುಜಾತಾ ಮ್ಯಾಸಿಯವರ ಪರ್ವೀನ್ ಮಿಸ್ತ್ರಿ 1921ರ ಮುಂಬೈಯ ವಕೀಲೆ. ಪರದೆಯೊಳಗಿನ ವಿಧವೆಯರ ಮನೆಗೆ ಪೊಲೀಸ್ ಹೋಗೋ ಹಾಗಿಲ್ಲ, ಹೆಂಗಸಾದ್ದರಿಂದ ಅವಳು ಹೋಗಬಹುದು. ಅವಳ ಎರಡನೇ ಪುಸ್ತಕ ಸಹ್ಯಾದ್ರಿಯ ಒಂದು ಕಲ್ಪಿತ ಸಂಸ್ಥಾನದಲ್ಲಿ ನಡೆಯುತ್ತೆ. ಓದುವಾಗ ನನಗೆ ಜಮಖಂಡಿಯ ಪಟವರ್ಧನರು, ಮುಧೋಳದ ಘೋರ್ಪಡೆಯವರೇ ಕಣ್ಮುಂದೆ ಬಂದರು. ನಮ್ಮ ಸಂಸ್ಥಾನಗಳು ಇಷ್ಟು ಹತ್ತಿರ ಇದ್ದೂ ಒಂದು ಕನ್ನಡ ಕೊಲೆಯೂ ಅಲ್ಲಿ ನಡೆದಿಲ್ಲವಲ್ಲ (ಪುಸ್ತಕದಲ್ಲಿ ಮಾತ್ರ ಹೇಳ್ತಾ ಇದೀನಿ) ಅಂತ ಹೊಟ್ಟೆಕಿಚ್ಚಾಯ್ತು.

ನಮ್ಮಲ್ಲೂ ಜನ ಇದ್ದರು. ಕಳವು ನೋಡಿಕೊಳ್ಳೋಕೆ ತಳವಾರ, ಲೆಕ್ಕ ಬರೆಯೋಕೆ ಕುಲಕರ್ಣಿ. ಜಮಖಂಡಿ, ಮುಧೋಳದ ದಫ್ತರಗಳಲ್ಲಿ ಮೋಡಿ ಲಿಪಿ. ಮನೆಯೊಳಗೆ ಹೋಗಿ ಹೆಂಗಸರ ಕೈ ಹಿಡಿದು ಮಾತಾಡಿಸೋಕೆ ಬಳೆಗಾರನಿಗೆ ಮಾತ್ರ ಪರವಾನಗಿ. ಬಳೆಗಾರನಿಗಿಂತ ಒಳ್ಳೆ ಪತ್ತೇದಾರ ಯಾರಾದರೂ ಸಿಗ್ತಾರಾ ಹೇಳಿ! ಯಾರ ಮನೆಯಲ್ಲಿ ಬಳೆ ಒಡೆದಿದೆ ಅನ್ನೋದು ಅವನಿಗೆ ಮೊದಲು ಗೊತ್ತಾಗುತ್ತೆ. ತನಿಖೆಯ ಶಾಸ್ತ್ರವೂ ಇತ್ತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಆಶುಮೃತಕಪರೀಕ್ಷೆ ಅಂತ ಒಂದು ಅಧ್ಯಾಯವೇ ಇದೆ, ದಿಢೀರ್ ಸತ್ತವನ ಹೆಣಕ್ಕೆ ಎಣ್ಣೆ ಸವರಿ ಪರೀಕ್ಷಿಸಬೇಕು ಅಂತ ಶುರುವಾಗುತ್ತೆ.

ಇನ್ನು ಗಣೇಶಯ್ಯನವರು. ಕನ್ನಡದಲ್ಲಿ ಈ ಪ್ರಕಾರವನ್ನ ಒಂಟಿಯಾಗಿ ಹೊತ್ತವರು ಅಂದರೆ ತಪ್ಪಿಲ್ಲ. ವೃತ್ತಿಯಲ್ಲಿ ಕೃಷಿ ವಿಜ್ಞಾನಿ, ಅಂದರೆ ಇತಿಹಾಸದ ಮಟ್ಟಿಗೆ ಹವ್ಯಾಸಿ. ಅವರ ಕಾದಂಬರಿಗಳಲ್ಲಿ ಅಡಿಟಿಪ್ಪಣಿ, ಫೋಟೊ, ಆಕರಗಳ ಪಟ್ಟಿ ಇರುತ್ತೆ. ಯಾವುದು ದಾಖಲೆ, ಯಾವುದು ತಮ್ಮ ಕಲ್ಪನೆ ಅಂತ ಓದುಗ ಬೇಕಾದರೆ ಹೋಗಿ ನೋಡಿಕೊಳ್ಳಬಹುದು. (ಕಟ್ಟೆ ಮೇಲೆ ಕಥೆ ಹೇಳುವಾಗ ನಾನು ಬಿಟ್ಟದ್ದು ಸರಿಯಾಗಿ ಆ ಟಿಪ್ಪಣಿಗಳನ್ನೇ.) ‘ಕನಕ ಮುಸುಕು’ ತೆಗೆದುಕೊಳ್ಳಿ. ಹೊಯ್ಸಳರ ಶಿಲ್ಪಗಳ ಕೈಯಲ್ಲಿರೋದು ಮುಸುಕಿನ ಜೋಳದ ತೆನೆಯಾ ಅನ್ನೋ ಪ್ರಶ್ನೆ ಅದರ ಹಿಂದಿದೆ. ನಮ್ಮ ಕಡೆ ಇದಕ್ಕೆ ಗೋವಿನಜೋಳ ಅಂತೀವಿ. ಈ ಬೆಳೆ ಅಮೆರಿಕಾದ್ದು, ಕೊಲಂಬಸ್ ಹೋಗಿದ್ದು 1492ರಲ್ಲಿ, ಸೋಮನಾಥಪುರದ ಗುಡಿ 13ನೇ ಶತಮಾನದ್ದು. ಹೊಂದೋದೇ ಇಲ್ಲ. 1989ರಲ್ಲಿ ಜೋಹಾನೆಸನ್ ಮತ್ತು ಪಾರ್ಕರ್ ‘ಎಕನಾಮಿಕ್ ಬಾಟನಿ’ ಪತ್ರಿಕೆಯಲ್ಲಿ ಅದು ಜೋಳವೇ ಅಂತ ಬರೆದರು. 1993ರಲ್ಲಿ ಪಾಯಕ್ ಮತ್ತು ಸಚನ್ ಅದೇ ಪತ್ರಿಕೆಯಲ್ಲಿ ಅಲ್ಲವೇ ಅಲ್ಲ ಅಂತ ಉತ್ತರ ಕೊಟ್ಟರು. ಇದರಲ್ಲಿ ಎಲ್ಲಿದೆ ನಿಧಿ? ಒಂದು ಕಾಳಿನ ಸಾಲು ನೇರವಾಗಿದೆಯೋ ಓರೆಯೋ ಅನ್ನೋದರ ಮೇಲೆ ಜಗಳ. ಆದರೂ ಓದುವವನಿಗೆ ನಿದ್ದೆ ಬರೋದಿಲ್ಲ.

ನನ್ನ ತಕರಾರು ಇಷ್ಟೇ. ಇಂಥ ಪ್ರಶ್ನೆ ಸಿಕ್ಕಾಗಲೂ ನಮ್ಮ ಥ್ರಿಲ್ಲರ್‌ಗಳು ಕೊನೆಗೆ ಗುಪ್ತ ಸಂಘ, ಬೆನ್ನಟ್ಟೋದು, ಹೂತಿಟ್ಟ ಸಂಪತ್ತು ಈ ಕಡೆಗೇ ಓಡುತ್ತವೆ. ನನಗೆ ತುಂಬಾ ಇಷ್ಟವಾದ ತೇಜಸ್ವಿಯವರ ‘ಜುಗಾರಿ ಕ್ರಾಸ್’ನಲ್ಲೂ ಹಳೆಯ ಕಾವ್ಯದ ಸಾಲು ಬಿಡಿಸಿದರೆ ಸಿಗೋದು ಕೆಂಪುಕಲ್ಲಿನ ಗುಟ್ಟು. ‘ಅವನೇ ಶ್ರೀಮನ್ನಾರಾಯಣ’ ಸಿನಿಮಾದಲ್ಲಿ ಪೊಲೀಸನೇ ಲೂಟಿಯ ಹಿಂದೆ. ಓದೋಕೆ, ನೋಡೋಕೆ ಮಜಾ. ಆದರೆ ‘ಹಳೇ ಕಲ್ಲು ಅಂದರೆ ಕೆಳಗೆ ಏನೋ ಇದೆ’ ಅನ್ನೋ ನಂಬಿಕೆ ನಮ್ಮೂರಲ್ಲಿ ಮೊದಲೇ ಇತ್ತು. ಅದಕ್ಕೆ ಪುಸ್ತಕದ ಸೀಲು ಬಿದ್ದಂಗಾಗುತ್ತೆ.

ನಿಧಿ ಇಲ್ಲದೆ ಹೇಗೆ ಬರೆಯಬಹುದು ಅಂತ ನೋಡೋಕೆ ಜೋಸೆಫೀನ್ ಟೇ 1951ರಲ್ಲಿ ಬರೆದ ‘ದಿ ಡಾಟರ್ ಆಫ್ ಟೈಮ್’ ಓದಿ, ತೆಳುವಾದ ಪುಸ್ತಕ. ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿರೋ ಇನ್‌ಸ್ಪೆಕ್ಟರ್ ಗ್ರಾಂಟ್, ಅವನಿಗಾಗಿ ಗ್ರಂಥಾಲಯಕ್ಕೆ ಓಡಾಡೋ ಒಬ್ಬ ಹುಡುಗ. ಒಬ್ಬ ವೃತ್ತಿಪರ, ಒಬ್ಬ ಹವ್ಯಾಸಿ. ಮೂರನೇ ರಿಚರ್ಡ್ ತನ್ನ ಅಣ್ಣನ ಮಕ್ಕಳನ್ನ ಕೊಂದನಾ ಅನ್ನೋದು ಕೇಸು. ಮಂಚ ಬಿಟ್ಟು ಏಳದೆ, ಒಂದು ಗುಂಡು ಹಾರದೆ, ಕಾಗದ ಮಾತ್ರ ನೋಡಿ ಗ್ರಾಂಟ್ ರಿಚರ್ಡ್‌ನನ್ನು ನಿರಪರಾಧಿ ಅಂತ ತೀರ್ಮಾನಿಸುತ್ತಾನೆ. ಓದಿ ಮುಗಿಸಿದಾಗ ನಾನೂ ಪೂರ್ತಿ ನಂಬಿದ್ದೆ.

ಇದಕ್ಕೊಂದು ಉತ್ತರಕಥೆ ಇದೆ. ರಿಚರ್ಡ್‌ನ ಪರ ವಹಿಸಿದವರು ಅವನ ಬೆನ್ನು ಡೊಂಕು ಅನ್ನೋದು ವೈರಿಗಳು ಕಟ್ಟಿದ ಸುಳ್ಳು ಅಂತ ಬಹಳ ಕಾಲ ವಾದಿಸಿದ್ದರು. 2012ರಲ್ಲಿ ಲೆಸ್ಟರ್ ನಗರದ ಒಂದು ಕಾರ್ ಪಾರ್ಕಿಂಗ್ ಕೆಳಗೆ ಅವನ ಅಸ್ಥಿಪಂಜರ ಸಿಕ್ಕಿತು. ಅಲ್ಲೇ ಹುಡುಕಿ ಅಂತ ಹಠ ಹಿಡಿದವರು ಫಿಲಿಪ್ಪಾ ಲ್ಯಾಂಗ್ಲಿ ಅನ್ನೋ ಹವ್ಯಾಸಿ, ಅಗೆದವರು ಲೆಸ್ಟರ್ ವಿಶ್ವವಿದ್ಯಾಲಯದ ಪುರಾತತ್ವದವರು. ನೋಡಿದರೆ ಬೆನ್ನುಮೂಳೆ ನಿಜಕ್ಕೂ ತಿರುಚಿತ್ತು! ಪಕ್ಷ ವಹಿಸಿದವರು ಒಂದು ವಿಷಯದಲ್ಲಿ ಸೋತರು, ಆದರೆ ಮೂಳೆ ಇದ್ದ ಜಾಗದಲ್ಲೇ ಇದ್ದದ್ದರಿಂದ ಎಲ್ಲರಿಗೂ ನಿಜ ಸಿಕ್ಕಿತು. ಪಾದಗಳು ಮಾತ್ರ ಸಿಗಲಿಲ್ಲ. ಹಿಂದೆ ಯಾವಾಗಲೋ ಅಲ್ಲಿ ಕಟ್ಟಡಕ್ಕೆ ಅಗೆದವರು ಗೊತ್ತಿಲ್ಲದೆ ಅವನ್ನು ಕಳೆದಿರಬೇಕು ಅಂತಾರೆ. ಆ ಸಾಲು ಓದುವಾಗ ನನಗೆ ನಮ್ಮ ಬದುವಿನ ಗುಂಡಿ ನೆನಪಾಯ್ತು.

ನಮ್ಮ ಸುತ್ತಲೇ ಕೇಸುಗಳು ಬಿದ್ದಿವೆ. ಕಲ್ಯಾಣದಲ್ಲಿ ಬಿಜ್ಜಳನ ಸಾವು ಹೇಗಾಯಿತು ಅನ್ನೋದನ್ನ ಶರಣರ ಕಥೆಗಳು ಒಂದು ರೀತಿ ಹೇಳಿದರೆ ಜೈನರ ಕೃತಿ ಇನ್ನೊಂದು ರೀತಿ ಹೇಳುತ್ತೆ. ಮುಧೋಳದ ಘೋರ್ಪಡೆ ಮನೆತನದ ಬಳಿಯಿದ್ದ ಬಹಮನಿ ಕಾಲದ ಫರ್ಮಾನುಗಳು ಅಸಲಿಯೋ ನಕಲಿಯೋ ಅಂತ ಇತಿಹಾಸಕಾರರು ದೊಡ್ಡ ವಾದವನ್ನೇ ಮಾಡಿದ್ದಾರೆ. ವಿಜಯಪುರದ ಹೊರಗೆ ಸಾಠ ಕಬರ್ ಇದೆ. 1659ರಲ್ಲಿ ಶಿವಾಜಿಯ ಮೇಲೆ ಹೊರಟ ಅಫಜಲಖಾನ ತಾನು ವಾಪಸ್ ಬರಲ್ಲ ಅಂತ ಜೋಯಿಸರ ಮಾತು ಕೇಳಿ ಹೆಂಡತಿಯರನ್ನೆಲ್ಲ ಬಾವಿಗೆ ತಳ್ಳಿಸಿದ ಅನ್ನೋದು ಕಥೆ. ನಾನು ಹೋಗಿ ನೋಡಿದೆ. ಒಂದೇ ಅಳತೆ, ಒಂದೇ ಆಕಾರದ ಕರಿಕಲ್ಲಿನ ಗೋರಿಗಳು, ಅಂತರ ಕೂಡ ಸಮ, ಸಾಲು ಹಿಡಿದು ನಿಂತಿವೆ. ದಂಡು ಹೊರಡೋ ಗಡಿಬಿಡಿಯಲ್ಲಿ ಇಷ್ಟು ಕಲ್ಲು ಕಡಿಸಿ, ಕಟ್ಟೆ ಕಟ್ಟಿಸಿ, ಲೆವೆಲ್ ಹಿಡಿದವರು ಯಾರು? ಹಾಗಂತ ಬೇರೆ ಬೇರೆ ವರ್ಷ ಸತ್ತವರ ಗೋರಿಗಳಾಗಿದ್ದರೆ ಇಷ್ಟು ಒಂದೇ ಥರ ಇರ್ತಿತ್ತಾ? ಗೈಡ್ ಹೇಳೋ ಕಥೆಯಲ್ಲಿ ಈ ಪ್ರಶ್ನೆಗೆ ಜಾಗ ಇಲ್ಲ. ಕಾದಂಬರಿಯಲ್ಲಿ ಇರಬಹುದು.

ನನಗೆ ಮಾತ್ರ ಎಲ್ಲಕ್ಕಿಂತ ದೊಡ್ಡ ಕೇಸು ಹಲಗಲಿ. ನಮ್ಮೂರಿಂದ ದೂರವೇನಲ್ಲ, ಮುಧೋಳ ತಾಲ್ಲೂಕು. ಲಾವಣಿಯನ್ನ ಹತ್ತನೇ ಕ್ಲಾಸಿನ ಕನ್ನಡ ಪುಸ್ತಕದಲ್ಲಿ ನಾವೆಲ್ಲ ಓದಿದ್ದೀವಿ, ‘ಸಂದರ್ಭ ಸ್ವಾರಸ್ಯ’ ಬರೆದು ಮೂರು ಮಾರ್ಕ್ಸ್ ತಗೊಂಡು ಮರೆತಿದ್ದೀವಿ. 1857ರಲ್ಲಿ ಆಯುಧ ಒಪ್ಪಿಸಬೇಕು ಅಂತ ಕಂಪನಿ ಸರಕಾರ ಹುಕುಂ ಮಾಡಿತು, ಬೇಡರು ಕೊಡಲಿಲ್ಲ. ದಂಡು ಬಂತು, ಊರು ಸುಟ್ಟಿತು, ಹಿಡಿದವರಲ್ಲಿ ಹಲವರನ್ನ ಗಲ್ಲಿಗೇರಿಸಿದರು. ಇಷ್ಟು ಪರೀಕ್ಷೆಗೆ ಸಾಕು. ಆದರೆ ಲಾವಣಿಯ ಕೊನೆಗೆ ಊರಿನಿಂದ ಏನೇನು ಹೋಯಿತು ಅಂತ ಒಂದು ಪಟ್ಟಿ ಬರುತ್ತೆ, ನೆನಪಿದೆಯಾ? ಬೆಳ್ಳಿ ಬಂಗಾರದ ಜೊತೆಗೆ ಕೊಡಲಿ, ಹಾಲು ಮೊಸರು, ಉಪ್ಪು, ಎಣ್ಣೆ, ಅರಿಶಿಣ, ಜೀರಿಗೆ, ಗಂಗಾಳ, ಚರಗಿ, ಕೊನೆಗೆ ಬೀಸೋಕಲ್ಲು ಕೂಡ. ಪಂಚನಾಮೆ ಬರೆದ ಹಾಗಿದೆ. ತಾನು ಕಂಡಷ್ಟನ್ನು ಹೇಳಿದ್ದೀನಿ ಅಂತ ಲಾವಣಿಕಾರ ಸ್ಪಷ್ಟವಾಗಿ ಹೇಳಿಕೊಳ್ಳುತ್ತಾನೆ.

ಮೊನ್ನೆ ರಜೆಯಲ್ಲಿ ಅದನ್ನ ಮನೆಯಲ್ಲಿ ಓದಿ ಹೇಳಿದೆ. ಆಯಿ ಶೇಂಗಾ ಸುಲಿತಾ ಕೂತಿದ್ದಳು. ಕೇಳಿ ಒಂದೇ ಪ್ರಶ್ನೆ ಹಾಕಿದಳು: “ಬಂಗಾರ ಒಯ್ದರು ಖರೆ. ಬೀಸೋಕಲ್ಲು ಯಾಕ ಒಯ್ತಾರೋ?”

ನಾನು ದಂಗಾದೆ. ನಿಜ ತಾನೇ? ಬೀಸೋಕಲ್ಲು ಭಾರ, ಮಾರಿದರೆ ಏನೂ ಬರಲ್ಲ. ಕುದುರೆ ಮೇಲೆ ಬಂದ ಸಿಪಾಯಿಗೆ ಅದರಿಂದ ಏನಾಗಬೇಕು? ಒಂದೋ ಲಾವಣಿಕಾರ ಹಾಡಿನ ಓಟಕ್ಕೆ ಸೇರಿಸಿದ. ಇಲ್ಲವೇ ಉಳಿದವರು ವಾಪಸ್ ಬಂದು ಒಲೆ ಹೊತ್ತಿಸಬಾರದು ಅಂತ ಬೇಕಂತಲೇ ಕಲ್ಲು ಒಡೆದರು. ಇಲ್ಲವೇ ದಂಡು ಹೋದ ಮೇಲೆ, ಬೂದಿ ಆರಿದ ಮೇಲೆ, ಅಕ್ಕಪಕ್ಕದ ಊರಿನವರೇ ಬಂದು ಹೊತ್ತುಕೊಂಡು ಹೋದರು. ಮೂರನೇದು ನಿಜವಾಗಿದ್ದರೆ ಆ ಕಲ್ಲು ಇವತ್ತು ಯಾರದೋ ಪಡಸಾಲೆಯಲ್ಲಿರಬಹುದು. ಆಯಿಗೆ ಈ ಮೂರೂ ಹೇಳಿದೆ. ಮೂರನೇದಕ್ಕೆ ಮಾತ್ರ ಅವಳು ಶೇಂಗಾ ಸುಲಿಯೋದು ನಿಲ್ಲಿಸಿದಳು, ಏನೂ ಅನ್ನಲಿಲ್ಲ.

ನನಗೆ ಬೇಕಾದ ಕಾದಂಬರಿ ಇದು. ಪತ್ತೇದಾರ ಆ ಲಾವಣಿಕಾರನೇ. ಡಪ್ಪು ಬಗಲಲ್ಲಿ ಇಟ್ಟುಕೊಂಡು ಸುಟ್ಟ ಊರಿಗೆ ಬರ್ತಾನೆ, ಮನೆ ಮನೆ ತಿರುಗಿ ಏನು ಇಲ್ಲ ಅನ್ನೋದನ್ನ ಎಣಿಸುತ್ತಾನೆ. ಇನ್ನೊಂದು ಕಡೆ ಮುಧೋಳ ದರಬಾರದ ಕಾರಕೂನ, ಕೆಲಸವೇ ಅದು, ಮೋಡಿಯಲ್ಲಿ ವರದಿ ಬರೀತಾನೆ. ಹವ್ಯಾಸಿಯ ಪಟ್ಟಿ ಒಂದು, ವೃತ್ತಿಪರನ ಪಟ್ಟಿ ಇನ್ನೊಂದು. ಎರಡೂ ಹೊಂದೋದಿಲ್ಲ. ಯಾಕೆ ಹೊಂದೋದಿಲ್ಲ ಅನ್ನೋದರಲ್ಲಿ ಕಾದಂಬರಿ. ನಾನೇನೂ ಕಲ್ಪನೆಗೆ ವಿರೋಧಿಯಲ್ಲ, ಕಾರಕೂನ ನನ್ನದೇ ಕಲ್ಪನೆ ಅಂತ ಇಲ್ಲೇ ಹೇಳಿಬಿಡ್ತೀನಿ.

ಇಂಥ ಲಾವಣಿಗಳನ್ನ ನಮಗಿಂತ ಮೊದಲು ಸಾಕ್ಷಿಯ ಹಾಗೆ ನೋಡಿದವನು ಒಬ್ಬ ಇಂಗ್ಲಿಷ್ ಅಧಿಕಾರಿ ಅನ್ನೋದು ಸ್ವಲ್ಪ ನಾಚಿಕೆ ಪಡೋ ವಿಷಯ. ಶಾಸನಗಳಿಗೆ ಹೆಸರಾದ ಜೆ.ಎಫ್. ಫ್ಲೀಟ್ 1880ರ ದಶಕದಲ್ಲಿ ನಮ್ಮ ಕಡೆಯ ಲಾವಣಿಗಳನ್ನ ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಅನುವಾದ ಸಮೇತ 



ಪ್ರಕಟಿಸಿದ. ಅದರಲ್ಲಿ ಬೈಲಹೊಂಗಲದ ಸಂಗ್ಯಾನ ಕೊಲೆಯೂ ಇದೆ, ನಾವು ಸಣ್ಣಾಟದಲ್ಲಿ ಸೀಟಿ ಹೊಡೆದು ನೋಡೋ ಅದೇ ಸಂಗ್ಯಾ-ಬಾಳ್ಯಾ.

ನಮ್ಮ ವೀರಗಲ್ಲಿನ ಎರಡು ತುಂಡನ್ನೂ ಹನುಮಪ್ಪನ ಗುಡಿಯ ಕಟ್ಟೆಗೆ ಸಾಗಿಸೋಣ ಅಂತ ಊರಲ್ಲಿ ಮಾತಾಯ್ತು. ಬೇಡ, ಇದ್ದ ಜಾಗದಲ್ಲೇ ಇರಲಿ ಅಂತ ಈ ಸಲ ಕಟ್ಟೆ ಮೇಲೆ ಕೂತು ನಾನೇ ಹೇಳಿದೆ. ಅರ್ಧ ಜನ ನಕ್ಕರು. ಗುಂಡಿ ಮುಚ್ಚಿಸಿದ್ದಾರೆ, ತುಂಡುಗಳು ಸದ್ಯ ಅಲ್ಲೇ ಇವೆ. ಸ್ಕೇಲ್ ಇಟ್ಟು ನಾಲ್ಕೂ ಬದಿಯಿಂದ ಫೋಟೊ ತೆಗೆದಿದ್ದೀನಿ, ಬೆಳಗಿನ ಓರೆ ಬಿಸಿಲಿನಲ್ಲಿ ತೆಗೆದದ್ದರಲ್ಲಿ ಆರೇಳು ಅಕ್ಷರ ಕಾಣುತ್ತೆ. ಹಳಗನ್ನಡ ಅಕ್ಷರ ಓದೋಕೆ ಬರೋರು ಯಾರಾದರೂ ಕ್ಯಾಂಪಸ್ಸಿನಲ್ಲಿದ್ದರೆ ಕ್ಲಬ್ ರೂಮಿಗೆ ಬನ್ನಿ, ತೋರಿಸ್ತೀನಿ. ಮೊದಲೇ ಹೇಳಿಬಿಡ್ತೀನಿ, ಕೆಳಗೆ ಏನೂ ಇಲ್ಲ. ಅಗೆದು ನೋಡಿಯಾಗಿದೆ.